ಹರಳೆಣ್ಣೆ ಇಲ್ಲದ ಕೈ

“ಹರಳೆಣ್ಣೆ ನಿನ್ನ ಅಪ್ಪ ತಂದಿಟ್ಟದ್ದಾ ಇಲ್ಲಿ? ಕೈ ತೆಗಿ, ಬೇವರ್ಸಿ!”

ಮೇಸ್ತ್ರಿ ಚನಿಯಪ್ಪ ಎಣ್ಣೆಯ ಡಬ್ಬಿಯನ್ನು ಕಾಲಿನಲ್ಲೇ ಹಿಂದಕ್ಕೆ ಎಳೆದುಕೊಂಡ. ಅದ್ದಲು ಚಾಚಿದ್ದ ಭವಿತಾಳ ಬೆರಳುಗಳು ಹಾಗೆಯೇ ನಿಂತವು. ಶೆಡ್ಡಿನಲ್ಲಿ ಸಾಲಾಗಿ ಕುಳಿತಿದ್ದ ಹೆಂಗಸರು ತಲೆ ಎತ್ತಿ ನೋಡಿ, ಮತ್ತೆ ತಗ್ಗಿಸಿದರು.

“ಎಲ್ಲರೂ ಹಚ್ಚಿಕೊಳ್ತಾರಲ್ಲ, ಮೇಸ್ತ್ರಿಗಳೇ.”

“ಅವ್ರು ಕೆಲಸದವ್ರು. ನೀನು ಟ್ರೈನಿಂಗಿಗೆ ಬಂದ ಶಾಲೆ ಹುಡುಗಿ. ಶಾಲೆಯವ್ರಿಗೆ ಎಣ್ಣೆ ಕೊಡ್ಲಿಕ್ಕೆ ಇಲ್ಲ. ಧಣಿಗಳು ಹೇಳಿದ್ದು.”

ಬೀಜ ಒಡೆಯುವಾಗ ಕೆಲಸದವಳು, ಎಣ್ಣೆ ಕೇಳುವಾಗ ಶಾಲೆ ಹುಡುಗಿ. ಭವಿತಾ ಬರಿಗೈಯಲ್ಲೇ ಕಾಲುಮೆಷಿನ್ನಿನ ಮುಂದೆ ಕುಳಿತಳು.

ಕಬಕದಿಂದ ಒಳರಸ್ತೆಯಲ್ಲಿ ಹೋದರೆ ಸಿಗುವ ಆ ಗೇರುಬೀಜದ ಫ್ಯಾಕ್ಟರಿ ಗಿರಿಧರ ಧಣಿಗಳದ್ದು. ಹಬೆಯಲ್ಲಿ ಬೆಂದ ಬೀಜವನ್ನು ಎರಡು ಅಲಗುಗಳ ನಡುವೆ ಇಟ್ಟು ಕಾಲಿನಿಂದ ಒತ್ತಬೇಕು. ಚಿಪ್ಪು ಬಾಯಿಬಿಡುತ್ತದೆ, ಬೆರಳು ಹಾಕಿ ತಿರುಳು ತೆಗೆಯಬೇಕು. ತಿರುಳಿನ ಜೊತೆಗೆ ಸೊನೆಯೂ ಬರುತ್ತದೆ. ನೋಡಲು ಜೋನಿಬೆಲ್ಲದ ಹಾಗೆ ಇರುವ ಆ ಸೊನೆ ಚರ್ಮಕ್ಕೆ ತಾಗಿದರೆ ಸುಡುತ್ತದೆ. ಅದಕ್ಕೇ ಅಲ್ಲಿನ ಹೆಂಗಸರು ಬೆಳಿಗ್ಗೆ ಬಂದವರೇ ಕೈಗೆ ಹರಳೆಣ್ಣೆ ಬಳಿದುಕೊಳ್ಳದೆ ಮೆಷಿನ್ ಮುಟ್ಟುವುದಿಲ್ಲ.

“ಸೊನೆ ಇವತ್ತು ತಾಗಿದ್ರೆ ನಾಳೆ ಮಾತಾಡ್ತದೆ” ಎನ್ನುವುದು ಶೆಡ್ಡಿನ ಹಳೆಯ ಮಾತು. ತಾಗಿದ ದಿನ ಏನೂ ಕಾಣುವುದಿಲ್ಲ. ಮರುದಿನ ತುರಿಕೆ, ಆಮೇಲೆ ಬೊಕ್ಕೆ, ಆಮೇಲೆ ಚರ್ಮವೇ ಎದ್ದು ಬರುತ್ತದೆ.

ಪಕ್ಕದ ಮೆಷಿನ್ನಿನಲ್ಲಿ ಕುಳಿತವಳು ದೇವಮ್ಮ, ಭವಿತಾಳ ತಾಯಿ. ಮದುವೆಯಾಗಿ ಬಂದಂದಿನಿಂದ ಅವಳು ಈ ಚಿಪ್ಪಿನ ರಾಶಿಯ ಎದುರೇ ಇದ್ದಾಳೆ. ಬೆರಳ ತುದಿಗಳಲ್ಲಿ ಗೆರೆಗಳೇ ಉಳಿದಿಲ್ಲ. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಅವಳನ್ನು ಪ್ರತಿ ತಿಂಗಳೂ ಯಾರೆಂದು ಕೇಳುತ್ತದೆ. ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಿದ ದಿನ ಆ ಕಪ್ಪು ಕೈಯನ್ನೇ ಅವಳ ಮುಖದೆದುರು ಹಿಡಿದು ಹೇಳಿದ್ದಳು: “ನೋಡು ಮಗಾ, ನಿನ್ನ ಕೈ ಹೀಗೆ ಆಗ್ಲಿಕ್ಕೆ ಇಲ್ಲ. ಆಯ್ತಾ?”

ಮಗಳು ಹತ್ತನೇ ಕ್ಲಾಸಿಗೆ ಬಂದಳು. ಹಿಂದಿಯ ಬದಲು ಕಸುಬಿನ ಪಾಠ ತೆಗೆದುಕೊಂಡರೆ ಮುಂದೆ ಕೆಲಸ ಸಿಗುತ್ತದೆ ಎಂದು ಶಾಲೆಯಲ್ಲಿ ಹೇಳಿದರು, ಆಹಾರ ಸಂಸ್ಕರಣೆ ಎಂಬ ವಿಷಯ ತೆಗೆದುಕೊಂಡಳು. ಪುಸ್ತಕದಲ್ಲಿ ಬಿಳಿ ಕೋಟು ಹಾಕಿ ಯಂತ್ರದ ಮುಂದೆ ನಿಂತ ಹುಡುಗಿಯ ಚಿತ್ರವಿತ್ತು. ದಸರಾ ರಜೆಯಲ್ಲಿ ತರಬೇತಿಗೆ ಯಾವ ಫ್ಯಾಕ್ಟರಿಗೆ ಎಂದು ಮಗಳು ಹೇಳಿದ ಸಂಜೆ ದೇವಮ್ಮ ಗಂಜಿ ಮುಟ್ಟಲಿಲ್ಲ.

ಮೊದಲ ದಿನ ಹುಡುಗಿಯರನ್ನು ಕರೆತಂದವರು ವಾಸಂತಿ ಟೀಚರ್. ಧಣಿ ಆಫೀಸಿನ ಜಗಲಿಯಲ್ಲಿ ಕುರ್ಚಿ ಹಾಕಿ ಕುಳಿತು ಒಬ್ಬೊಬ್ಬರನ್ನೇ ವಿಚಾರಿಸಿದ.

“ನೀನು ಯಾರ ಮನೆಯವ್ಳು?”

ಸಾಲಿನ ಮೊದಲಿಗಿದ್ದ ಪ್ರಣೀತಾ ಮನೆಯ ಹೆಸರು ಹೇಳಿದಳು.

“ಓಹೋ, ನಮ್ಮ ಗುರ್ತದವ್ರೇ. ಹೋಗಮ್ಮ, ಪ್ಯಾಕಿಂಗಿಗೆ ಹೋಗು, ಅಲ್ಲಿ ಫ್ಯಾನ್ ಉಂಟು. ನೀನು?”

“ಆಫ್ರಾ.”

“ಹ್ಞೂಂ. ಶೆಡ್ಡಿಗೆ. ನಿನ್ನ ಮನೆ ಎಲ್ಲಿ?”

“ಕಾಲನಿಯಲ್ಲಿ,” ಎಂದಳು ಭವಿತಾ.

ಧಣಿ ಅವಳಿಗೂ ಶೆಡ್ಡಿನ ಕಡೆ ಕೈ ತೋರಿಸಿದ. ಟೀಚರ್ ಕಡೆ ತಿರುಗಿ ದನಿ ತಗ್ಗಿಸಿದ. “ಬೇಜಾರು ಮಾಡ್ಬೇಡಿ ಮಾರಾಯ್ರೆ. ನಮ್ಮ ತಿರುಳು ದೇವಸ್ಥಾನದ ನೈವೇದ್ಯಕ್ಕೆ ಹೋಗುದು. ಯಾರು ಮುಟ್ಟುದಂತ ಸ್ವಲ್ಪ ನೋಡ್ಬೇಕಲ್ಲ.”

ವಾಸಂತಿ ಟೀಚರಿಗೆ ಅದೇ ಹೊತ್ತಿಗೆ ಮೊಬೈಲಿನಲ್ಲಿ ಏನೋ ಅರ್ಜೆಂಟು ನೋಡುವುದಿತ್ತು. ಆ ನೈವೇದ್ಯದ ತಿರುಳನ್ನು ಚಿಪ್ಪಿನ ಹೊಟ್ಟೆಯಿಂದ ಬಿಡಿಸಿ ಕೊಡುವುದು ಕಾಲನಿಯ ದೇವಮ್ಮನ ಬೆರಳುಗಳೇ ಎನ್ನುವುದು ಧಣಿಗೆ ಮರೆತಿರಬೇಕು.

ಮೇಸ್ತ್ರಿ ಡಬ್ಬಿ ಎಳೆದುಕೊಂಡ ಆ ದಿನ, ಅವನು ಆಚೆ ಹೋದ ಮೇಲೆ ದೇವಮ್ಮ ಮೆಷಿನ್ನಿನ ಕೆಳಗಿನಿಂದ ಕೈ ಚಾಚಿದಳು. ತನ್ನ ಅಂಗೈಯ ಎಣ್ಣೆಯನ್ನು ಮಗಳ ಬೆರಳುಗಳಿಗೆ ಒಂದೊಂದಾಗಿ ತಿಕ್ಕಿದಳು. ಇನ್ನೊಂದು ಕೈ ಆಫ್ರಾಳ ಕಡೆ ಚಾಚುವಷ್ಟರಲ್ಲಿ ಚನಿಯಪ್ಪ ವಾಪಸು ಬಂದ.

“ಎಂತ ದೇವಮ್ಮ, ದಾನ ಮಾಡುದಾ? ಹಂಚುವಷ್ಟು ಹೆಚ್ಚಾದ್ರೆ ನಾಳೆಯಿಂದ ನಿಂಗೂ ಬೇಡ.”

ಮರುದಿನ ಡಬ್ಬಿ ಅವಳ ಮುಂದೆ ನಿಲ್ಲದೆ ಮುಂದಿನವಳ ಕಡೆ ಹೋಯಿತು. ದೇವಮ್ಮ ಒಲೆಯ ಬೂದಿ ಹಚ್ಚಿಕೊಂಡು ಕೆಲಸಕ್ಕೆ ಕುಳಿತಳು. ಎಣ್ಣೆಗೆ ಬೂದಿ ಎಲ್ಲಿಂದ ಸಮ? ಶೆಡ್ಡು ನೋಡಲು ಬಂದ ಧಣಿ ಇಬ್ಬರ ನಡುವೆ ನಿಂತು ನಕ್ಕ.

“ತಾಯಿ ಪಕ್ಕ ಮಗಳು. ಇದಕ್ಕಿಂತ ಒಳ್ಳೆ ಟ್ರೈನಿಂಗ್ ಎಲ್ಲಿ ಉಂಟು ಹೇಳಿ? ನೀನೆಂತ ಹೆದರ್ಬೇಡ ಹುಡುಗಿ, ಪಾಸಾದ್ರೂ ಫೇಲಾದ್ರೂ ನಿನ್ನ ಸೀಟು ಇಲ್ಲಿ ಉಂಟು.”

ಭವಿತಾ ತಾನು ಕುಳಿತಿದ್ದ ಸ್ಟೂಲು ನೋಡಿದಳು. ಯಾರೋ ಕುಳಿತು ಕುಳಿತು ನಡುವೆ ತಗ್ಗಾಗಿದ್ದ ಸ್ಟೂಲು ಅದು.

ಆಮೇಲೆ ಆಫ್ರಾಳ ಸರದಿ ಬಂತು. ಶೆಡ್ಡಿನ ಹಳಬರು ಬೆವರು ಬಂದರೆ ಭುಜಕ್ಕೆ ಮುಖ ಒರೆಸಿಕೊಳ್ಳುತ್ತಾರೆ, ಕೈಯನ್ನು ಮುಖದ ಹತ್ತಿರ ತರುವುದಿಲ್ಲ. ಆಟೋ ಓಡಿಸುವವನ ಮಗಳಿಗೆ ಅದೆಲ್ಲ ಹೇಳಿಕೊಟ್ಟವರು ಯಾರು? ಕಣ್ಣಿಗೆ ಇಳಿದ ಬೆವರನ್ನು ಮುಂಗೈಯಲ್ಲಿ ಒರೆಸಿದಳು. ಉರಿಯಿತು. ಗಾಬರಿಯಲ್ಲಿ ನಲ್ಲಿಗೆ ಓಡಿ ನೀರು ಹಾಕಿ ಉಜ್ಜಿದಳು.

“ನೀರು ಹಾಕ್ಬೇಡ ಮಗಾ! ಎಣ್ಣೆ, ಮೊದ್ಲು ಎಣ್ಣೆ!” ದೇವಮ್ಮ ಕೂಗಿಕೊಂಡು ಓಡುವಷ್ಟರಲ್ಲಿ ಸೊನೆ ನೀರಿನ ಜೊತೆ ಮುಖವೆಲ್ಲ ಹರಡಿತ್ತು. ಎಣ್ಣೆಯ ಡಬ್ಬಿಗೆ ಮೇಸ್ತ್ರಿಯ ಕೋಣೆಯಲ್ಲಿ ಬೀಗ ಬಿದ್ದಿತ್ತು.

ಮರುದಿನ ಆಫ್ರಾ ಗೇಟಿನ ತನಕ ಬಂದದ್ದು ಅಪ್ಪನ ಕೈ ಹಿಡಿದುಕೊಂಡು. ಮುಖ ಗುರುತು ಸಿಗದಷ್ಟು ಊದಿತ್ತು, ಎಡಗಣ್ಣು ಪೂರ್ತಿ ಮುಚ್ಚಿತ್ತು. ಧಣಿ ಕಾರಿನ ಗಾಜು ಅರ್ಧ ಇಳಿಸಿದ. “ಅಲರ್ಜಿ ಮಾರಾಯ. ಮೀನು ತಿಂದದ್ದು ಹೆಚ್ಚಾಗಿದೆ ಅವ್ಳಿಗೆ.” ಗಾಜು ಮೇಲೇರಿತು. ಅಪ್ಪ ಅವಳನ್ನು ಪುತ್ತೂರಿನ ಆಸ್ಪತ್ರೆಗೆ ಕರೆದೊಯ್ದ. ಪಟ್ಟಿ ಬಿಚ್ಚಿದ ಮೇಲೆಯೇ ಕಣ್ಣಿನ ವಿಷಯ ಹೇಳಬಹುದು ಎಂದರಂತೆ.

ಭವಿತಾ ಸಂಜೆ ಟೀಚರಿಗೆ ಫೋನು ಮಾಡಿದಳು.

“ಟೀಚರ್, ಆಫ್ರಾಳ ಕಣ್ಣು... ನಮಗೆ ಎಣ್ಣೆ ಕೊಡುದಿಲ್ಲ ಟೀಚರ್. ನನ್ನ ಕೈ ಸಿಪ್ಪೆ ಎದ್ದು ಬರ್ತಾ ಉಂಟು. ಪೆನ್ನು ಹಿಡಿಲಿಕ್ಕೆ ಆಗುದಿಲ್ಲ.”

“ಸ್ವಲ್ಪ ಸುಧಾರಿಸ್ಕೊ ಮಾರಾಯ್ತಿ. ಇನ್ನು ಮುಗೀತು ಅಲ್ವಾ? ಧಣಿಗಳು ಸರ್ಟಿಫಿಕೇಟಿಗೆ ಸೈನು ಹಾಕದಿದ್ರೆ ನಿನ್ನ ಪ್ರಾಕ್ಟಿಕಲ್ ಮಾರ್ಕೇ ಇಲ್ಲ. ಹತ್ತನೇ ಪಾಸಾಗುದು ಬೇಡ್ವಾ ನಿಂಗೆ?”

ಬೇಕಿತ್ತು. ಅವಳಿಗಿಂತ ಹೆಚ್ಚಾಗಿ ದೇವಮ್ಮನಿಗೆ ಬೇಕಿತ್ತು. ಭವಿತಾ ಸುಧಾರಿಸಿಕೊಂಡಳು.

ಕೊನೆಯ ದಿನ ಅಂಗಳದಲ್ಲಿ ಶಾಮಿಯಾನ ಹಾಕಿದರು. ಬ್ಯಾನರಿನಲ್ಲಿ ಧಣಿಯ ಫೋಟೋ, ಕೆಳಗೆ ‘ವಿದ್ಯಾರ್ಥಿಗಳ ಕೈಗೆ ಕೌಶಲ್ಯ’ ಎಂದು ದೊಡ್ಡ ಅಕ್ಷರ. ಪೇಪರಿನವನೂ ಕ್ಯಾಮೆರಾ ಹಿಡಿದು ಬಂದಿದ್ದ. ಕುರ್ಚಿ ತುಂಬಲೆಂದು ಶೆಡ್ಡಿನ ಹೆಂಗಸರನ್ನು ಕರೆದು ಹಿಂದೆ ಕೂರಿಸಿದರು. ಅವಸರದಲ್ಲಿ ಮೇಸ್ತ್ರಿ ಎಣ್ಣೆಯ ಡಬ್ಬಿಯನ್ನು ಶೆಡ್ಡಿನ ಬಾಗಿಲಲ್ಲೇ ಬಿಟ್ಟು ಬಂದಿದ್ದ.

ವಾಸಂತಿ ಟೀಚರ್ ಫ್ಯಾಕ್ಟರಿ ಆಫೀಸಿನ ಕಪಾಟಿನಲ್ಲಿದ್ದ ಪ್ಲಾಸ್ಟಿಕ್ ಚೀಲದಿಂದ ಬಿಳಿ ಗ್ಲೌಸುಗಳನ್ನು ತೆಗೆದು ಹಂಚಿದರು. ಇಷ್ಟು ದಿನವೂ ಗ್ಲೌಸು ಈ ಫ್ಯಾಕ್ಟರಿಯಲ್ಲೇ ಇತ್ತು ಎಂಬುದು ಭವಿತಾಳಿಗೆ ಗೊತ್ತಾದದ್ದು ಆಗಲೇ.

“ಫೋಟೋಕ್ಕೆ ಮಾತ್ರ ಆಯ್ತಾ. ಆಮೇಲೆ ವಾಪಸು ಕೊಡ್ಬೇಕು.”

ಧಣಿ ಇಸ್ತ್ರಿ ಹಾಕಿದ ಬಿಳಿ ಪಂಚೆಯಲ್ಲಿ ಮೈಕಿನ ಮುಂದೆ ನಿಂತ. “ಒಬ್ಳು ಅರ್ಧಕ್ಕೇ ಬಿಟ್ಟು ಓಡಿದ್ಳು. ಅಲರ್ಜಿಯಂತೆ! ಈಗಿನ ಮಕ್ಳಿಗೆ ದುಡಿಲಿಕ್ಕೆ ಮನಸ್ಸಿಲ್ಲ ನೋಡಿ.” ಮುಂದಿನ ಸಾಲಿನವರು ನಕ್ಕರು. ಪ್ಯಾಕಿಂಗಿನ ಹುಡುಗಿಯರು ಒಬ್ಬೊಬ್ಬರೇ ಹೋಗಿ ಕೈಕುಲುಕಿ, ಸರ್ಟಿಫಿಕೇಟು ತೆಗೆದುಕೊಂಡು ಬಂದರು.

ಭವಿತಾ ಸಾಲಿನಲ್ಲಿ ಇರಲಿಲ್ಲ. ಅವಳು ಶೆಡ್ಡಿನೊಳಗೆ, ಚಿಪ್ಪಿನಿಂದ ಸೊನೆ ಸೋರಿ ತುಂಬುವ ತಗಡಿನ ತೊಟ್ಟಿಯ ಮುಂದೆ ಬಗ್ಗಿದ್ದಳು. ಹಿಂದಿನ ಕುರ್ಚಿ ಬಿಟ್ಟು ಬಂದು ಬಾಗಿಲಲ್ಲಿ ನಿಂತ ದೇವಮ್ಮ ಅದನ್ನು ನೋಡಿದಳು. ಬೇಡ ಎನ್ನಲು ತೆರೆದ ಬಾಯಿ ಮುಚ್ಚಿಕೊಂಡಳು.

“ಭವಿತಾ!” ಟೀಚರ್ ಕರೆದರು. “ಬೇಗ ಬಾ. ಗ್ಲೌಸು ಎಲ್ಲಿ ನಿಂದು?”

ಅವಳು ಕೈಗಳನ್ನು ಹಿಂದೆ ಕಟ್ಟಿಕೊಂಡು ಧಣಿಯ ಮುಂದೆ ಬಂದು ನಿಂತಳು. ಧಣಿಗೆ ಅವಳನ್ನು ನೋಡುವ ಅಭ್ಯಾಸವಿರಲಿಲ್ಲ. ಎಡಗೈಯಲ್ಲಿ ಸರ್ಟಿಫಿಕೇಟು ಚಾಚಿ, ಬಲಗೈ ಮುಂದೆ ಮಾಡಿ, ಮುಖವನ್ನು ಕ್ಯಾಮೆರಾದ ಕಡೆ ತಿರುಗಿಸಿ ಹಲ್ಲು ಬಿಟ್ಟ. ಭವಿತಾ ಆ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದಳು.

“ಹಾಗೆಯೇ ಇರಿ, ಇನ್ನೊಂದು!” ಎಂದ ಪೇಪರಿನವನು.

ಅವಳು ಹಾಗೆಯೇ ಇದ್ದಳು. ಬೆರಳ ಸಂದಿ, ಉಂಗುರದ ಅಡಿ, ಉಗುರಿನ ಬುಡ, ಎಲ್ಲ ಕಡೆ ಒತ್ತಿ ತಿಕ್ಕಿದಳು. ಅವಳದೇ ಬಿರಿದ ಚರ್ಮದೊಳಗೆ ಬೆಂಕಿ ಇಳಿಯುತ್ತಿತ್ತು. ಆದರೂ ಬಿಡಲಿಲ್ಲ. ಅಂಟು ಅಂಟಾದಾಗ ಧಣಿ ಕೆಳಗೆ ನೋಡಿದ.

“ಬಿಡೇ! ಬಿಡು ರಂಡೆ! ಎಂತದಿದು, ಎಂತ ಹಚ್ಚಿದ್ದೀ?”

“ಟ್ರೈನಿಂಗ್, ಧಣಿ,” ಎಂದಳು ಭವಿತಾ. “ಟ್ರೈನಿಂಗಿನವ್ರಿಗೆ ಎಣ್ಣೆ ಇಲ್ಲ.”

ಅವನು ಕೊಸರಿಕೊಂಡು ಹಿಂದೆ ಸರಿದ. ಸರ್ಟಿಫಿಕೇಟನ್ನು ಮುದ್ದೆ ಮಾಡಿ ನೆಲಕ್ಕೆ ಹಾಕಿ ಮೆಟ್ಟಿದ. “ಹತ್ತನೇ ಹೇಗೆ ಪಾಸಾಗ್ತಿ ನೋಡ್ತೇನೆ! ಚನಿಯಪ್ಪಾ, ನೀರು! ಅಲ್ಲ, ನೀರಲ್ಲ... ಹರಳೆಣ್ಣೆ! ಹರಳೆಣ್ಣೆ ತಾರಾ!”

ಚನಿಯಪ್ಪ ಶೆಡ್ಡಿನ ಬಾಗಿಲಿಗೆ ಓಡಿದ. ಡಬ್ಬಿ ದೇವಮ್ಮನ ಕೈಯಲ್ಲಿತ್ತು. ಮೊದಲು ಅವಳು ಮಗಳನ್ನು ಹತ್ತಿರ ಕರೆದಳು. ಎರಡೂ ಅಂಗೈಗೆ ತುಂಬ ಎಣ್ಣೆ ಹೊಯ್ದು ಮೊಣಕೈಯ ತನಕ ಸವರಿದಳು. ಆಮೇಲೆ ಮೇಸ್ತ್ರಿಯ ಮುಖ ನೋಡುತ್ತಾ ಡಬ್ಬಿಯನ್ನು ಬೋರಲು ಹಿಡಿದಳು. ಹರಳೆಣ್ಣೆ ಮಂದ, ಅದಕ್ಕೆ ಅವಸರವಿಲ್ಲ. ನಿಧಾನವಾಗಿ ಇಳಿದು ಮಣ್ಣಿಗೆ ಸೇರಿತು.

“ಕೊಡು ಇಲ್ಲಿ, ನಾಯಿ!” ಚನಿಯಪ್ಪ ಕಿತ್ತುಕೊಂಡದ್ದು ಖಾಲಿ ಡಬ್ಬಿ.

ಹಿಂದಿನ ಕುರ್ಚಿಗಳ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದು ತಾಯಿ ಮಗಳ ಸುತ್ತ ನಿಂತರು. ಯಾರೂ ಮೆಷಿನ್ನಿಗೆ ಹೋಗಲಿಲ್ಲ. ಯಾರೂ ಹೊರಗೆ ಹೋಗದ ಹಾಗೆ ಕಾವಲಿನವನು ಗೇಟಿಗೆ ಸರಪಳಿ ಎಳೆದು ಬೀಗ ಹಾಕಿದ ಸದ್ದು ಕೇಳಿತು. ಶಾಮಿಯಾನದ ಕೆಳಗೆ ಗಿರಿಧರ ಧಣಿ ಬಲಗೈಯನ್ನು ಮೈಯಿಂದ ದೂರ ಹಿಡಿದು, ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ.

ಅಂಗೈಯಲ್ಲಿ ಇನ್ನೂ ಏನೂ ಕಾಣುತ್ತಿರಲಿಲ್ಲ.