ಇಲ್ಲದ ಮೆಟ್ಟಿಲು

ರಸ್ತೆ ಅಗಲವಾದಾಗ ಬೀದಿಯವರೆಲ್ಲ ಖುಷಿಪಟ್ಟಿದ್ದರು. ಮನೆ ಮುಂದಿನ ಮೆಟ್ಟಿಲು ಹೋದರೆ ಹೋಗಲಿ, ಕೆಸರು ತಪ್ಪಿತಲ್ಲ ಎಂದುಕೊಂಡರು. ಟೈಲರಕ್ಕ ಅಳತೆ ಟೇಪು ಹಿಡಿದು ಈ ಅಂಚಿನಿಂದ ಆ ಅಂಚಿಗೆ ಅಳೆದಳು. ಮೊದಲು ನಾಲ್ಕು ಟೇಪು ಇದ್ದದ್ದು ಈಗ ಒಂಬತ್ತು. "ದೊಡ್ಡ ಮೈಯಾಗಿದೆ, ಬಟ್ಟೆ ಜಾಸ್ತಿ ಬೇಕು" ಎಂದು ನಕ್ಕಳು. ಆಗ ಮಗಳ ಕಾಲು ನೆಟ್ಟಗಿತ್ತು.

ಈಗ ಆ ಹತ್ತು ವರ್ಷದ ಹುಡುಗಿ ಮಡಚಲು ಬಾರದ ಬಲಗಾಲನ್ನು ಎಳೆದುಕೊಂಡು ದಿನಕ್ಕೆರಡು ಸಲ ಒಂಬತ್ತು ಟೇಪು ದಾಟಬೇಕು. ಶಾಲೆ ಆ ಕಡೆ, ಮನೆ ಈ ಕಡೆ. ಗಾಡಿಗಳೋ, ಬಾಲಕ್ಕೆ ಬೆಂಕಿ ಬಿದ್ದ ಹಾಗೆ ಓಡುತ್ತವೆ.

ಒಂದು ಹಂಪ್ ಹಾಕಿಸಬೇಕು ಎಂದು ಟೈಲರಕ್ಕ ಹಟ ಹಿಡಿದಳು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಅರ್ಜಿ ಬರೆದುಕೊಟ್ಟರು. ಶಾಲೆಯ ಸಮವಸ್ತ್ರ ಹೊಲಿಸುವ ಕಾಲ ಅದು. ಅಳತೆ ಕೊಡಲು ಬಂದ ತಾಯಂದಿರ ಮುಂದೆ ಅವಳು ಮೊದಲು ಅರ್ಜಿ ಚಾಚುತ್ತಿದ್ದಳು. "ಸಹಿ ಹಾಕದಿದ್ರೆ ತೋಳು ಗಿಡ್ಡ ಹೊಲೀತೀನಿ ನೋಡಿ." ಹದಿನೈದು ದಿನದಲ್ಲಿ ನೂರಾ ನಲವತ್ತು ಸಹಿ ಬಿತ್ತು.

ಶಾಲೆಯ ಹಜಾರದಲ್ಲಿ ಸಭೆ ಸೇರಿತು. ರಸ್ತೆ ಕಚೇರಿಯ ಇಂಜಿನಿಯರ್ ಫೈಲು ತಂದಿದ್ದರು. ಮನುಷ್ಯ ಒಳ್ಳೆಯವರೇ, ಎಲ್ಲರ ಮಾತನ್ನೂ ಕೇಳಿಸಿಕೊಂಡರು.

"ಹಂಪ್ ಹಾಕೋಕೆ ಒಂದು ನಿಯಮ ಇದೆ. ಎರಡು ವರ್ಷದೊಳಗೆ ಆ ಜಾಗದಲ್ಲಿ ಮೂರು ಅಪಘಾತ ಪೊಲೀಸರ ದಾಖಲೆಯಲ್ಲಿರ್ಬೇಕು. ನಿಮ್ಮ ಬೀದೀಲಿ ಎಷ್ಟಿದೆ ಗೊತ್ತಾ?" ಅವರು ಫೈಲು ತಿರುಗಿಸಿ ತೋರಿಸಿದರು. "ಸೊನ್ನೆ. ಸುತ್ತಮುತ್ತ ಇಷ್ಟು ಸುರಕ್ಷಿತ ಬೀದಿ ಇನ್ನೊಂದಿಲ್ಲ. ಹಂಪ್ ಆಗೋದಿಲ್ಲ, ಆದ್ರೆ 'ಅಪಘಾತರಹಿತ ಬೀದಿ' ಅಂತ ಬೋರ್ಡ್ ಹಾಕಿಸ್ತೀನಿ."

ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಔಷಧಿ ಅಂಗಡಿಯವರ ತಂದೆಯ ಸೊಂಟ ಮುರಿದದ್ದು ಮೂಲೆಮನೆ ಹುಡುಗನ ಬೈಕಿಗೆ ಸಿಕ್ಕಿ. ಆಸ್ಪತ್ರೆಗೆ ಬರೆದುಕೊಟ್ಟ ಕಾಗದದಲ್ಲಿ ಬಚ್ಚಲಲ್ಲಿ ಜಾರಿದರು ಎಂದಿತ್ತು. ಮೇಷ್ಟ್ರ ಹೆಂಡತಿಗೆ ಕಾರು ತಗುಲಿ ಮಣಿಕಟ್ಟು ಮುರಿದಿತ್ತು. ಕಾಗದದಲ್ಲಿ ಸ್ಟೂಲಿನಿಂದ ಬಿದ್ದರು. ಗುದ್ದಿದವರೂ ನಮ್ಮವರು, ಬಿದ್ದವರೂ ನಮ್ಮವರು, ಪೊಲೀಸು ಯಾಕೆ ಎನ್ನುವುದು ಆ ಬೀದಿಯ ರೂಢಿ. ಕಾಗದ ಬರೆದುಕೊಡುತ್ತಿದ್ದದ್ದು ಅದೇ ಮೇಷ್ಟ್ರು, ಅದೇ ಮುತ್ತಿನಂಥ ಅಕ್ಷರದಲ್ಲಿ.

ಟೈಲರಕ್ಕನ ಮಗಳ ಕಾಗದದಲ್ಲಿ 'ಮನೆ ಮುಂದಿನ ಮೆಟ್ಟಿಲಿನಿಂದ ಬಿದ್ದಳು' ಎಂದಿತ್ತು. ಮೆಟ್ಟಿಲು ಹೋಗಿ ಆಗಲೇ ವರ್ಷವಾಗಿತ್ತು. ಅದು ಬರೆದ ಮೇಷ್ಟ್ರಿಗೂ ಹೊಳೆಯಲಿಲ್ಲ, ಸಹಿ ಹಾಕಿದ ಅವಳಿಗೂ ಹೊಳೆಯಲಿಲ್ಲ. ಮಗುವನ್ನು ಕೆಡವಿದ್ದು ಅವಳ ತಮ್ಮನ ಬ್ರೆಡ್ ವ್ಯಾನು. ಆಸ್ಪತ್ರೆಯ ಹೊರಗೆ ಅವನು ಅವಳ ಎರಡೂ ಕೈ ಹಿಡಿದುಕೊಂಡು ಅತ್ತಿದ್ದ.

ಇಂಜಿನಿಯರ್ ಹೋದ ಮೇಲೆ ಟೈಲರಕ್ಕ ಬಾಯಿಬಿಟ್ಟಳು. "ಮೂರು ಬೇಕಂತೆ. ನಮ್ಮ ಮೂರು ಮನೇದೇ ಇದೆಯಲ್ಲ. ಹೋಗಿ ನಿಜ ಬರೆಸೋಣ."

"ಆ ಮೂಲೆಮನೆ ಹುಡುಗನಿಗೆ ಈಗ ತಾನೇ ಕೆಲಸ ಸಿಕ್ಕಿದೆ, ಟೈಲರಕ್ಕ," ಎಂದರು ಔಷಧಿ ಅಂಗಡಿಯವರು.

"ನನ್ನ ಕೈಬರಹ ಎಲ್ಲರಿಗೂ ಗೊತ್ತಮ್ಮ," ಎಂದರು ಮೇಷ್ಟ್ರು. ಆದರೂ ಕೊನೆಗೆ ಇಬ್ಬರೂ ತಲೆಯಾಡಿಸಿದರು. ಸೋಮವಾರ ಹತ್ತು ಗಂಟೆಗೆ, ಸ್ಟೇಷನ್ ಬಾಗಿಲಲ್ಲಿ.

ಭಾನುವಾರ ಅವಳು ತಮ್ಮನ ಮನೆಗೆ ಹೋಗಿ ಮೊದಲೇ ಹೇಳಿದಳು. ಬೆನ್ನ ಹಿಂದೆ ಮಾಡಲು ಮನಸ್ಸು ಒಪ್ಪಲಿಲ್ಲ.

"ಆವತ್ತು ಪೊಲೀಸು ಬೇಡ ಅಂತ ನೀನೇ ಅಂದೆಯಲ್ಲ, ಅಕ್ಕ?"

"ಅಂದೆ."

"ಈಗ ನನ್ನ ಹೊಟ್ಟೆ ಮೇಲೆ ಹೊಡೀತೀಯ."

"ಅವಳು ದಾಟುವಾಗ ನಾನು ಮಷಿನ್ ನಿಲ್ಲಿಸಿ ಕೂತಿರ್ತೀನಿ ಕಣೋ. ಆ ಕಡೆ ಸೇರೋವರೆಗೂ ಉಸಿರು ಬಿಡೋದಿಲ್ಲ. ಬೇರೆ ದಾರಿ ಇದ್ರೆ ನೀನೇ ಹೇಳು."

ಟೈಲರಕ್ಕ ತಂಗಿಯ ಹಾಗೆ ನೋಡಿಕೊಂಡಿದ್ದ ತಮ್ಮನ ಹೆಂಡತಿ, ಅವಳು ಕುಡಿದಿಟ್ಟ ಲೋಟವನ್ನು ಎತ್ತಿಕೊಂಡು ಒಳಗೆ ಹೋದಳು.

ಸೋಮವಾರ ಟೈಲರಕ್ಕ ಸ್ಟೇಷನ್ ಬಾಗಿಲಲ್ಲಿ ಹನ್ನೊಂದೂವರೆವರೆಗೆ ನಿಂತಳು. ಮೇಷ್ಟ್ರ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಔಷಧಿ ಅಂಗಡಿಯವರು ಎತ್ತಿದರು. ಅಂಗಡಿಯಲ್ಲಿ ರಶ್ಶು, ನೀವು ಶುರುಮಾಡಿ ಎಂದರು. ಅವಳು ಒಳಗೆ ಹೋಗಿ ತನ್ನ ಮಗಳದನ್ನು ಬರೆಸಿದಳು. ಸುಳ್ಳಿಗೆ ಸಹಿ ಹಾಕಿದ್ದು ಯಾಕೆ ಎಂದು ಪೊಲೀಸಿನವರು ನಾಲ್ಕು ಸಲ ಕೇಳಿದರು. ನಾಲ್ಕು ಸಲವೂ ಅದನ್ನೇ ಹೇಳಿದಳು: "ತಮ್ಮ ಅಂತ."

ತಮ್ಮನ ಲೈಸೆನ್ಸ್ ಮೂರು ತಿಂಗಳು ಅಮಾನತಾಯಿತು. ಕಚೇರಿಯಿಂದ ಎರಡು ಸಾಲಿನ ಉತ್ತರ ಬಂತು. ದಾಖಲಾದ ಅಪಘಾತ ಒಂದು, ಅರ್ಜಿ ಪರಿಗಣಿಸಲಾಗದು. ಸೊನ್ನೆ ಹೋಗಿದ್ದರಿಂದ ಬೋರ್ಡೂ ಇಲ್ಲ.

"ಸುಮ್ಮನಿದ್ದಿದ್ರೆ ಬೋರ್ಡಾದ್ರೂ ಬರ್ತಿತ್ತು," ಎಂದು ಔಷಧಿ ಅಂಗಡಿಯವರು ಗಿರಾಕಿಯೊಬ್ಬರಿಗೆ ಹೇಳಿದ್ದು ಅವಳ ಕಿವಿಗೂ ಬಿತ್ತು. ಸಮವಸ್ತ್ರದ ಬಟ್ಟೆ ಮುಂದಿನ ಬೀದಿಯ ಟೈಲರನ ಕಡೆ ಹೋಗತೊಡಗಿತು.

ಆ ಮೂರು ತಿಂಗಳೂ ಕಳೆದವು. ಈಗ ದಿನಾ ಬೆಳಿಗ್ಗೆ ಒಲೆ ಆರಿಸಿ, ಒಂದು ಗಜ ಕೆಂಪು ಲೈನಿಂಗ್ ಬಟ್ಟೆ ಹಿಡಿದು, ಟೈಲರಕ್ಕ ರಸ್ತೆಗಿಳಿಯುತ್ತಾಳೆ. ಕಾರುಗಳು ಹಾರ್ನ್ ಬಾರಿಸಿ ಬಳಸಿಕೊಂಡು ಹೋಗುತ್ತವೆ. ಬೈಕಿನವರು ಗೊಣಗುತ್ತಾರೆ. ಬಟ್ಟೆ ಕಂಡ ಕೂಡಲೇ, ಬಹಳ ದೂರದಲ್ಲೇ, ಪೂರ್ತಿ ನಿಲ್ಲುವುದು ಒಂದೇ ಒಂದು ಬ್ರೆಡ್ ವ್ಯಾನು.

"ಮಾವ," ಎಂದು ಮಗಳು ಕೈಯೆತ್ತುತ್ತಾಳೆ.

ಅವನು ಗಾಜಿನೊಳಗಿಂದ ನೇರ ರಸ್ತೆಯನ್ನೇ ನೋಡುತ್ತಿರುತ್ತಾನೆ. ಹುಡುಗಿಯ ಎಳೆಯುವ ಕಾಲು ಆ ಅಂಚು ಮುಟ್ಟುವವರೆಗೂ ವ್ಯಾನು ಅಲುಗುವುದಿಲ್ಲ. ಆಮೇಲೆ ಅಕ್ಕನ ಪಕ್ಕದಲ್ಲೇ ಹಾದು ಹೋಗುತ್ತದೆ, ನಿಧಾನವಾಗಿ, ಕಿಟಕಿ ಏರಿಸಿಕೊಂಡು.