ಸೋತವರೇ ಫೋನ್ ಮಾಡಬೇಕು

ಗ್ಯಾರೇಜಿನ ಗೋಡೆಗೆ ಒರಗಿಸಿದ್ದ ಮಡಚು ಕುರ್ಚಿಗಳನ್ನು ಎರಡೆರಡಾಗಿ ಎತ್ತಿ ಹಾಲಿಗೆ ಸಾಗಿಸುತ್ತಿದ್ದ ಚಂದ್ರಮೌಳಿ ಐದನೇ ಸಲ ಬಾಗಿಲು ದಾಟುವಾಗ ಅಸ್ಲಂನ ಹೆಂಡತಿ ಷಹನಾಜ್ ಎದುರಿಗೆ ಬಂದು ನಿಂತಳು. ಎರಡು ಕೈಯಲ್ಲೂ ಕುರ್ಚಿಗಳಿದ್ದವು. ಅವನಿಗೆ ಕೈ ಮುಗಿಯಲೂ ಆಗಲಿಲ್ಲ, ಪಕ್ಕಕ್ಕೆ ಸರಿಯಲೂ ಜಾಗವಿರಲಿಲ್ಲ.

"ಮೌಳಿ ಭಾಯ್, ಒಂದ್ ಮಾತ್ ಕೇಳ್ತೀನ್ರಿ. ಖರೇ ಹೇಳಬೇಕು. ನಿಮ್ಮ ಮುಂದ ಅವರು ಏನರೆ ಅಂದಿದ್ರೇನ್ರಿ? ಎದಿ ನೋವು, ಉಸುರು ಹಿಡೀತೈತಿ, ಅಂಥಾದ್ದು?"

"ಇಲ್ಲ," ಅಂದ ಚಂದ್ರಮೌಳಿ. ಯೋಚಿಸುವ ಮೊದಲೇ ಬಾಯಿಂದ ಬಂದುಬಿಟ್ಟಿತ್ತು.

"ದಿನಾ ಮಾತಾಡ್ತಿದ್ರಿ. ನನ್ನ ಕೂಡ ಆಡಿದ್ದಕ್ಕಿಂತ ನಿಮ್ಮ ಕೂಡ ಆಡಿದ ಮಾತ ಜಾಸ್ತಿ ಇರಬೇಕು. ಡಾಕ್ಟರ್ ಅಂತಾರ, ಇದು ಒಂದ್ ದಿನದ್ದಲ್ಲ, ವಾರದ ಹಿಂದನ ಸೂಚನಾ ಕೊಟ್ಟಿರ್ತೈತಿ ಅಂತ. ಬಾಜೂಕ ಮಲಗಾಕಿ ನಾನು. ನನಗ ತಿಳೀಲಿಲ್ಲಲ್ರಿ."

"ನನಗೇನೂ ಹೇಳಿರ್ಲಿಲ್ಲ, ಷಹನಾಜ್ ಅವರೇ. ಬರೀ ಆಟದ ಮಾತು."

ಆಕೆ ಅವನ ಮುಖವನ್ನು ಇನ್ನೊಂದು ಗಳಿಗೆ ನೋಡಿದಳು. ಆಮೇಲೆ ತಲೆಯಾಡಿಸಿ, ಹಾಲಿನಲ್ಲಿ ಕುಳಿತ ಹೆಂಗಸರ ನಡುವೆ ಹೋಗಿ ಕುಳಿತಳು. ರಂಜಾನಿನ ಎರಡನೇ ವಾರ. ಬಂದವರಿಗೆ ಟೀ ಇಲ್ಲ, ನೀರಿಲ್ಲ. ಒಲೆ ಒರೆಸಿಟ್ಟಂತೆ ತಣ್ಣಗಿತ್ತು. ನಿನ್ನೆ ಬುಧವಾರ ಬೆಳಕು ಹರಿಯುವ ಮೊದಲು ಅದೇ ಒಲೆಯ ಮುಂದೆ, ಉಪವಾಸಕ್ಕೆ ಮೊದಲಿನ ಸಹರಿ ಊಟ ಮುಗಿಸಿ ತಟ್ಟೆ ತೊಳೆಯಲು ಎದ್ದ ಅಸ್ಲಂ ಕುಸಿದು ಬಿದ್ದಿದ್ದ. ಆಂಬುಲೆನ್ಸಿನವರು ಬಂದರು, ಷಿಕಾಗೋ ಹತ್ತಿರದ ಈ ಇಟಾಸ್ಕಾದಿಂದ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಎಲ್ಲ ಮುಗಿದಿತ್ತು. ಅವನಿಗೆ ಐವತ್ತೆಂಟು ವರ್ಷ. ಇವತ್ತು ಮಧ್ಯಾಹ್ನದ ನಮಾಜಿನ ನಂತರ ಮಣ್ಣು.

ಚಂದ್ರಮೌಳಿ ಕುರ್ಚಿಗಳನ್ನು ಬಿಡಿಸಿ ಸಾಲಾಗಿ ಹಾಕಿದ. ಅಲ್ಲಿ ಕೂರುವವರಿಗಿಂತ ಕುರ್ಚಿಗಳೇ ಹೆಚ್ಚಾಗಿದ್ದವು. ಅವನು ಮತ್ತೆ ಗ್ಯಾರೇಜಿಗೆ ಹೋದ.

*

ಒಂಬತ್ತು ವರ್ಷದ ಹಿಂದೆ, ೧೯೯೭ರ ಬೇಸಿಗೆಯಲ್ಲಿ, ಷಿಕಾಗೋದ ದಕ್ಷಿಣದ ಕಾಮಿಸ್ಕಿ ಪಾರ್ಕಿನಲ್ಲಿ ವೈಟ್ ಸಾಕ್ಸ್ ಮತ್ತು ಡೆಟ್ರಾಯಿಟ್ ಟೈಗರ್ಸ್ ಬೇಸ್‌ಬಾಲ್ ಆಡುತ್ತಿದ್ದಾಗ ವೈಟ್ ಸಾಕ್ಸ್ ಕಡೆಯ ಚಂದ್ರಮೌಳಿಯ ಹಿಂದಿನ ಸಾಲಿನಿಂದ ಯಾರೋ "ಓಡಲೇ, ಓಡಲೇ ಹುಚ್ಚಪ್ಪಾ!" ಎಂದು ಕಿರುಚಿದ್ದರು. ಮೈಸೂರಿನಿಂದ ಬಂದು ಇಪ್ಪತ್ತು ವರ್ಷ ರಸ್ತೆಗಳ ನಕ್ಷೆ ಬರೆದ ಚಂದ್ರಮೌಳಿ ಆ ಮೈದಾನದಲ್ಲಿ ಕನ್ನಡ ಕೇಳಿದ್ದು ಅದೇ ಮೊದಲು. ತಿರುಗಿ ನೋಡಿದರೆ ಟೈಗರ್ಸ್ ಟೋಪಿ ಹಾಕಿದ ಒಬ್ಬ ದಪ್ಪ ಮೀಸೆಯ ಮನುಷ್ಯ. ಗದಗಿನವನು. ೧೯೮೪ರಲ್ಲಿ ಡೆಟ್ರಾಯಿಟ್ ಹತ್ತಿರದ ಕಾರಿನ ಬಿಡಿಭಾಗಗಳ ಫ್ಯಾಕ್ಟರಿಗೆ ಸೇರಿದ ವರ್ಷವೇ ಟೈಗರ್ಸ್ ಚಾಂಪಿಯನ್ ಆಗಿತ್ತು. "ಹೋದ ಕೂಡ್ಲೇ ಗೆದ್ರು ನೋಡ್ರಿ. ಈ ಮಂದಿ ಯಾವಾಗ್ಲೂ ಗೆಲ್ತಾರ ಅಂತ ತಿಳದೆ. ಮೋಸ ಹೋದೆ," ಎಂದು ಅಸ್ಲಂ ನಕ್ಕಿದ್ದ. ಫ್ಯಾಕ್ಟರಿ ಮುಚ್ಚಿದ ಮೇಲೆ ಇಟಾಸ್ಕಾಕ್ಕೆ ಬಂದು ಸಣ್ಣ ಅಂಗಡಿ ಹಾಕಿದ. ಆಫೀಸು ಹೋಟೆಲುಗಳವರಿಗೆ ಅಂಗಿಗೆ ಚುಚ್ಚಿಕೊಳ್ಳುವ ಹೆಸರಿನ ಪಟ್ಟಿ, ಶಾಲೆಗಳಿಗೆ ಟ್ರೋಫಿ. ಬೇರೆಯವರು ಗೆದ್ದದ್ದನ್ನು ಹಿತ್ತಾಳೆಯ ಮೇಲೆ ಕೆತ್ತುವುದು ಅವನ ಕಸುಬು.

ಒಬ್ಬ ಇಟಾಸ್ಕಾದಲ್ಲಿ, ಇನ್ನೊಬ್ಬ ಮೂವತ್ತು ಮೈಲಿ ಆಚೆ ಪ್ಲೇನ್‌ಫೀಲ್ಡಿನಲ್ಲಿ. ಸ್ನೇಹವೆಲ್ಲ ಫೋನಿನಲ್ಲೇ. ಮೊದಲ ವರ್ಷವೇ ಜಗಳವೂ ಆಯಿತು. ಟೈಗರ್ಸ್ ಸೋತ ಸಂಜೆ ಚಂದ್ರಮೌಳಿ ಫೋನ್ ಮಾಡಿ ಅಣಕಿಸಿದ್ದಕ್ಕೆ ಅಸ್ಲಂ ಎರಡು ವಾರ ಮಾತು ಬಿಟ್ಟ. ಆಮೇಲೆ ಇಬ್ಬರೂ ಸೇರಿ ಒಂದು ಕಟ್ಟಳೆ ಮಾಡಿಕೊಂಡರು. ಯಾರ ತಂಡ ಸೋಲುತ್ತದೋ ಅವರೇ ಫೋನ್ ಮಾಡಬೇಕು, ಮನಸ್ಸು ಸರಿಹೋದಾಗ. ಅಲ್ಲಿಯವರೆಗೆ ಇನ್ನೊಬ್ಬ ಕಾಯಬೇಕು. ಗೆದ್ದವನಂತೂ ಫೋನ್ ಮುಟ್ಟುವಂತಿಲ್ಲ.

೨೦೦೩ರಲ್ಲಿ ಟೈಗರ್ಸ್ ನೂರಾ ಅರವತ್ತೆರಡು ಆಟಗಳಲ್ಲಿ ನೂರಾ ಹತ್ತೊಂಬತ್ತು ಸಲ ಸೋತರು. ಅಸ್ಲಂ ಹೆಚ್ಚು ಕಡಿಮೆ ಅಷ್ಟೂ ಸಲ ಫೋನ್ ಮಾಡಿದ. ಚಂದ್ರಮೌಳಿಯ ಹೆಂಡತಿ ಪದ್ಮ ರಿಸೀವರ್ ಎತ್ತಿದರೆ, "ರೀ, ನಿಮ್ಮ ಸೋತೋರು ಬಂದ್ರು," ಎಂದು ಕೂಗುತ್ತಿದ್ದಳು. ಇನ್ನೊಂದು ಸೋತಿದ್ದರೆ ನೂರಿಪ್ಪತ್ತು, ಈ ಕಾಲದ ಅತಿ ಕೆಟ್ಟ ತಂಡದ ಪಕ್ಕದಲ್ಲಿ ಹೆಸರು. ಕೊನೆಯ ಭಾನುವಾರ ಗೆದ್ದುಬಿಟ್ಟರು. ಅವತ್ತು ಸಂಜೆ ಚಂದ್ರಮೌಳಿ ಕಸದ ಡಬ್ಬಿ ಹೊರಗಿಡಲು ಬಂದರೆ ಡ್ರೈವ್‌ವೇಯಲ್ಲಿ ಅಸ್ಲಂ ನಿಂತಿದ್ದ, ಕೈಯಲ್ಲಿ ಜಿಲೇಬಿಯ ಪೊಟ್ಟಣ.

"ಏನ್ರೀ ಇದು, ಫೋನೂ ಇಲ್ದೆ?"

"ಗೆದ್ದೀವಲ್ರಿ. ಫೋನ್ ಮಾಡೂ ಹಂಗಿಲ್ಲ. ಅದಕ್ಕ ಗಾಡಿ ತಗೊಂಡ್ ಬಂದೆ," ಅಂದಿದ್ದ. ಕಣ್ಣು ಒದ್ದೆಯಾಗಿತ್ತು.

*

ಮಸೀದಿಯ ಹಿಂದಿನ ಗೋಡೆಗೆ ಒತ್ತಿಕೊಂಡು, ಕಾಲುಚೀಲದಲ್ಲಿ, ಚಂದ್ರಮೌಳಿ ಒಬ್ಬನೇ ನಿಂತಿದ್ದ. ಪಕ್ಕದಲ್ಲಿ ಗದಿಗೆಪ್ಪ ಬಂದು ನಿಂತಾಗ ಜೀವ ಬಂದಂತಾಯಿತು. ಗದಿಗೆಪ್ಪ ಅಸ್ಲಂನ ಜೊತೆ ಅದೇ ಫ್ಯಾಕ್ಟರಿಯಲ್ಲಿದ್ದವನು. ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಿಂದ ಬೆಳಗ್ಗೆ ಹೊರಟು ಐದು ಗಂಟೆ ಒಂದೇ ಸಮನೆ ಡ್ರೈವ್ ಮಾಡಿಕೊಂಡು ಬಂದಿದ್ದ.

ನಮಾಜಿಗೆ ಮೊದಲು ಇಮಾಮರು ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿದರು. ಈ ನಮ್ಮ ಸೋದರನ ಮಾತಿನಿಂದ, ನಡತೆಯಿಂದ ಯಾರಿಗಾದರೂ ನೋವಾಗಿದ್ದರೆ ಈಗಲೇ, ಇಲ್ಲೇ ಕ್ಷಮಿಸಿಬಿಡಿ. ಸಾಲುಗಳಲ್ಲಿ ತಲೆಗಳು ಬಾಗಿದವು. ಕ್ಷಮಿಸಲಿಕ್ಕೆ ಏನಾದರೂ ಇದೆಯೇ ಎಂದು ಚಂದ್ರಮೌಳಿ ಹುಡುಕಿದ. ಒಂಬತ್ತು ವರ್ಷದಲ್ಲಿ ಎರಡು ವಾರದ ಮುನಿಸು, ಅಷ್ಟೇ. ಇಮಾಮರು ಇನ್ನೂ ಏನಾದರೂ ಹೇಳುತ್ತಾರೆಂದು ಅವನು ಕಾದ. ಇಲ್ಲಿ ನಿಂತವರನ್ನು ಅಲ್ಲಿ ಮಲಗಿದವನು ಕ್ಷಮಿಸಲಿ ಎಂದು ಯಾರೂ ಕೇಳಲಿಲ್ಲ. ನಮಾಜು ಶುರುವಾಯಿತು.

*

ಅಸ್ಲಂ ಕೊನೆಯ ಸಲ ಫೋನ್ ಮಾಡಿದ್ದು ಹೋದ ಗುರುವಾರ ಬೆಳಗ್ಗೆ, ಅಂಗಡಿಯಿಂದ. ಹಿಂದಿನ ದಿನ ಟೈಗರ್ಸ್ ಸೋತಿದ್ದರು. ಆದರೂ ಹತ್ತೊಂಬತ್ತು ವರ್ಷದ ಮೇಲೆ ಕೊನೆಯ ಸುತ್ತಿನ ಪ್ಲೇಆಫ್ ಸೇರಿದ್ದರು. ಐದು ತಂಡಗಳ ತಮ್ಮ ಡಿವಿಷನ್ ಗೆಲ್ಲಲು ಇನ್ನೊಂದೆರಡು ಗೆಲುವು ಸಾಕಿತ್ತು.

"ಯಾಕೋ ಎದಿ ಬಿಗದ್ಹಂಗ ಆಗೇತ್ರಿ ಎರಡು ದಿನದಿಂದ," ಅಂದಿದ್ದ ಮಾತಿನ ನಡುವೆ. "ಎಡಗೈನೂ ಭಾರ. ರೋಜಾದ ಉಪಾಸ ಐತಲ್ಲ, ಗ್ಯಾಸ್ ಇರಬೇಕು. ಷಹನಾಜ್ ಮುಂದ ಅನಬ್ಯಾಡ್ರಿ ಮತ್ತ. ರೋಜಾ ಬಿಡಸ್ತಾಳ."

"ನಿಮ್ಮ ಪಿಚರ್‌ಗಳು ಹೀಗೇ ಬಾಲ್ ಹಾಕ್ತಾ ಇದ್ರೆ ಎದೆ ಬಿಗಿಯದೆ ಇನ್ನೇನಾಗುತ್ತೆ ಸಾಹೇಬ್ರೆ? ಒಳ್ಳೆ ಡಾಕ್ಟರ್ ಬೇಡ, ಕೊನೇಲಿ ಬಂದು ಬಾಲ್ ಹಾಕೋ ಒಬ್ಬ ಒಳ್ಳೆ ರಿಲೀವರ್ ಸಾಕು."

ಅಸ್ಲಂ ನಕ್ಕ. ನಗು ಅರ್ಧಕ್ಕೆ ನಿಂತು ಕೆಮ್ಮಾಯಿತು. ಚಂದ್ರಮೌಳಿ ಅದನ್ನೂ ಕೇಳಿಸಿಕೊಂಡಿದ್ದ.

ಗುರುವಾರ ಟೈಗರ್ಸ್ ಮತ್ತೆ ಸೋತರು. ಶುಕ್ರವಾರ, ಶನಿವಾರ, ಭಾನುವಾರ ಸೋತರು. ಅದೂ ವರ್ಷಕ್ಕೆ ನೂರು ಸೋತ ಕ್ಯಾನ್ಸಸ್ ಸಿಟಿಯವರ ಕೈಲಿ, ಸ್ವಂತ ಊರಿನಲ್ಲಿ. ಡಿವಿಷನ್ ಕೈತಪ್ಪಿತು. ಮಂಗಳವಾರ ನ್ಯೂಯಾರ್ಕಿನಲ್ಲಿ ಪ್ಲೇಆಫ್‌ನ ಮೊದಲ ಆಟವನ್ನೂ ಸೋತರು. ಫೋನ್ ಬರಲಿಲ್ಲ. ಮನುಷ್ಯನಿಗೆ ಈ ಸಲ ಜೋರಾಗಿಯೇ ಬೇಜಾರಾಗಿದೆ ಅಂದುಕೊಂಡ ಚಂದ್ರಮೌಳಿ. ಶನಿವಾರ ಪದ್ಮ, "ನೀವೇ ಒಂದ್ಸಲ ಮಾಡಿ ನೋಡ್ಬಾರ್ದಾ?" ಅಂದಳು. "ರೂಲ್ ಅಂದ್ರೆ ರೂಲ್," ಅಂದ. ಅಸ್ಲಂ ಫೋನ್ ಮಾಡಿದಾಗ ಹೇಳಬೇಕೆಂದು ಒಂದು ಚುರುಕಾದ ಮಾತನ್ನೂ ಜೋಡಿಸಿಟ್ಟುಕೊಂಡಿದ್ದ. ಎದೆ ಬಿಗಿದ ವಿಷಯ ನೆನಪಿಗೆ ಬಂದಿರಲಿಲ್ಲವೆಂದಲ್ಲ. ಬಂದಿತ್ತು. ಭಾನುವಾರ ಸ್ನಾನ ಮಾಡುವಾಗ ಒಮ್ಮೆ, ಸೋಮವಾರ ಆಫೀಸಿನಿಂದ ಬರುವಾಗ ಒಮ್ಮೆ.

*

ಎರಡು ದಿನದ ಮಳೆಗೆ ಸ್ಮಶಾನದ ಜೇಡಿಮಣ್ಣು ಹದವಾಗಿ ಬೂಟಿಗೆ ಅಂಟುತ್ತಿತ್ತು. ಹೆಣದ ಗಾಡಿ ಇನ್ನೂ ಬಂದಿರಲಿಲ್ಲ. ಗದಿಗೆಪ್ಪ ತನ್ನ ಕಾರಿನ ಬಾಗಿಲು ತೆರೆದು ಕಾಲು ಹೊರಗಿಟ್ಟು ಕುಳಿತಿದ್ದ. ರೇಡಿಯೋ ಸಣ್ಣಗೆ ಮಾತಾಡುತ್ತಿತ್ತು. ನಿನ್ನೆ ನ್ಯೂಯಾರ್ಕಿನ ಮಳೆಗೆ ನಿಂತ ಎರಡನೇ ಆಟ ಇವತ್ತು ಈ ಹೊತ್ತಿಗೇ ನಡೆಯುತ್ತಿತ್ತು.

"ತಪ್ಪೇನಿಲ್ಲೇಳ್ರಿ," ಅಂದ ಗದಿಗೆಪ್ಪ ಯಾರೂ ಕೇಳದೆಯೇ. "ಅಂವಾ ಇದ್ದಿದ್ರ ಹಚ್ಚಲೇ ಅಂತಿದ್ದ."

ಅಸ್ಲಂನ ಅಕ್ಕನ ಮಗ ಸುಫಿಯಾನ್ ಕಾರಿಗೆ ಒರಗಿ ನಿಂತ. ಉಪವಾಸಕ್ಕೆ ತುಟಿ ಒಣಗಿತ್ತು. "ಐದು ಮ್ಯಾಚ್ ಸಾಲಾಗಿ ಸೋತು ಡಿವಿಷನ್ ಬಿಟ್ಕೊಟ್ರಲ್ಲ ಅಂಕಲ್. ಇವರೇನು ನ್ಯೂಯಾರ್ಕ್ ಯಾಂಕೀಸನ್ನ ಹೊಡೀತಾರೆ?"

"ನೀ ಯಾರ ಕಡೆಯವನಪಾ?"

"ಕಬ್ಸ್."

"ತೊಂಬತ್ತಾರು ಸೋತಾರ ನಿನ್ನ ಮಂದಿ ಈ ವರ್ಷ. ಸುಮ್ನಿರು." ಗದಿಗೆಪ್ಪ ಸ್ವಲ್ಪವೇ ನಕ್ಕ. "ನಮ್ಮ ಪಿಚರ್‌ಗೋಳು ಎಲ್ಲಾ ಹರೇದ ಹುಡುಗರು. ಒಬ್ಬಂವ ನೂರು ಮೈಲಿ ಮ್ಯಾಲೆ ಒಗೀತಾನ, ಚೆಂಡ ಕಾಣಂಗಿಲ್ಲ. ಎಡಗೈಲೆ ಹೊಡ್ಯಾವ ಒಬ್ಬ ಛಲೋ ಬ್ಯಾಟರ್ ಸಿಕ್ಕಾ ಅಂದ್ರ ಇನ್ನ ಐದು ವರ್ಷ ಈ ಟೀಮ್ ಹಿಡ್ಯಾಕ ಆಗಂಗಿಲ್ಲ. ಅಸ್ಲಂನೂ ಇದ ಮಾತು ಅಂತಿದ್ದ. ಏನ್ರೀ ಚಂದ್ರಮೌಳಿಯವ್ರ, ನಿಮ್ಮ ಮುಂದ ಅಂದಿರಬೇಕಲ್ಲ?"

"ಅಂದಿದ್ರು," ಅಂದ ಚಂದ್ರಮೌಳಿ.

"ಈ ಕೆಸರು ನೋಡಿದ್ರ, ಗ್ರೌಂಡ್ ಭಾಳ ಹಸಿ ಐತಿ, ಮ್ಯಾಚ್ ನಾಳೆಗೆ ಹಾಕ್ರಿ ಅಂತಿದ್ದ ನೋಡ್ರಿ ಅಂವಾ," ಎಂದು ನಗಲು ಹೋದ ಗದಿಗೆಪ್ಪನ ಬಾಯಿ ಸೊಟ್ಟಗಾಯಿತು. ಮುಖ ತಿರುಗಿಸಿಕೊಂಡ. ಏಳನೇ ಇನಿಂಗ್ಸಿನಲ್ಲಿ ಡೆಟ್ರಾಯಿಟ್ ನಾಲ್ಕು, ನ್ಯೂಯಾರ್ಕ್ ಮೂರು ಎಂದು ರೇಡಿಯೋ ಹೇಳಿತು. ಗೇಟಿನಲ್ಲಿ ಹೆಣದ ಗಾಡಿ ಕಾಣಿಸಿತು. ಗದಿಗೆಪ್ಪ ಕೀಲಿ ತಿರುಗಿಸಿ ರೇಡಿಯೋ ಆರಿಸಿದ.

ಮಗ ಹಸ್ನೈನ್ ಗುಂಡಿಗೆ ಇಳಿದು ತಂದೆಯನ್ನು ಮಲಗಿಸಿದ. ಹಲಗೆ ಮುಚ್ಚಿದ ಮೇಲೆ ಒಬ್ಬೊಬ್ಬರಾಗಿ ಮೂರು ಮೂರು ಹಿಡಿ ಮಣ್ಣು ಹಾಕಿದರು. ಚಂದ್ರಮೌಳಿಯೂ ಬಗ್ಗಿದ. ಮಣ್ಣು ಉದುರಲಿಲ್ಲ, ಮುದ್ದೆಯಾಗಿ ಕೈಗೇ ಮೆತ್ತಿಕೊಂಡಿತು. ಕೊಡವಿ ಕೊಡವಿ ಹಾಕಬೇಕಾಯಿತು. ಮೂವತ್ತು ಮೈಲಿ, ಅಂದುಕೊಂಡ. ಜಿಲೇಬಿ ಹಿಡಿದು ಅವನು ಬಂದಿದ್ದನಲ್ಲ. ಗಾಡಿ ತಗೊಂಡು ಹೋಗಲು ಯಾವ ರೂಲೂ ಅಡ್ಡ ಇರಲಿಲ್ಲ.

ಜನ ಚದುರುವಾಗ ಗದಿಗೆಪ್ಪನ ಕಾರಿನಿಂದ ಮತ್ತೆ ರೇಡಿಯೋ ಕೇಳಿಸಿತು. "ಗೆದ್ರು," ಅಂದ ಅವನು ಸ್ಟೀರಿಂಗ್ ಕಡೆ ನೋಡುತ್ತ.

ಚಂದ್ರಮೌಳಿ ಹಸ್ನೈನ್‌ನ ಹತ್ತಿರ ಹೋದ. ಹೇಳಿಬಿಡಬೇಕು. ಇವನಿಗೆ ಹೇಳಿದರೆ ಸಾಕು. "ಹಸ್ನೈನ್, ನಿಮ್ಮಪ್ಪ ಹೋದ ವಾರ..."

"ಅಂಕಲ್, ಥ್ಯಾಂಕ್ಯೂ." ಹುಡುಗ ಅವನ ಮಣ್ಣಿನ ಕೈಗಳನ್ನು ತನ್ನ ಮಣ್ಣಿನ ಕೈಗಳಿಂದ ಹಿಡಿದುಕೊಂಡ. ಇಂಗ್ಲಿಷಿನಲ್ಲಿ ಶುರುಮಾಡಿ, ತಡವರಿಸಿ ಕನ್ನಡಕ್ಕೆ ಬಂದ. "ಅಮ್ಮಿ ನಿನ್ನೆಯಿಂದ ಒಂದೇ ಮಾತು. ನನಗ್ಯಾಕ ಗೊತ್ತಾಗಲಿಲ್ಲ, ನನಗ್ಯಾಕ ಹೇಳಲಿಲ್ಲ. ಬೆಳಗ್ಗೆ ನೀವು ಹೇಳಿದ್ರಲ್ಲ, ಆಮೇಲೆ ಒಂದು ಗಂಟೆ ಮಲಗಿದ್ರು. ಮೌಳಿ ಭಾಯ್‌ಗೂ ಹೇಳಿಲ್ಲ ಅಂದ್ರ ಅವರಿಗೇ ಗೊತ್ತಿರಲಿಲ್ಲ, ನೋವೇ ಇರಲಿಲ್ಲ ಅಂತಾರೆ. ನೀವು ಏನೋ ಹೇಳ್ತಿದ್ರಿ?"

"ಏನಿಲ್ಲಪ್ಪ. ಹೋದ ವಾರ ನಿನ್ನ ನೆನೆಸ್ಕೊಂಡಿದ್ರು."

*

ಮನೆಗೆ ಮರಳಿದಾಗ ಷಹನಾಜ್ ಫೋನಿನಲ್ಲಿದ್ದಳು. ಬಾಗಿಲಲ್ಲಿ ಅವನನ್ನು ಕಂಡವಳೇ ಎದ್ದು ಬಂದಳು.

"ಗದಗಿಂದ ನಮ್ಮ ಅಕ್ಕ ಅದಾಳ್ರಿ ಲೈನ್ ಮ್ಯಾಲೆ. ನಾನು ಹೇಳಿದ್ರ ನಂಬವಲ್ಲಳು. ನೀ ಲಕ್ಷ್ಯ ಇಡಲಿಲ್ಲ, ನೋವು ನುಂಗಿಕೊಂಡಿರಬೇಕು ಅಂತಾಳ. ನೀವ ಒಂದ್ ಮಾತ್ ಹೇಳ್ರಿ."

ಚಂದ್ರಮೌಳಿ ಎರಡು ಬೆರಳ ತುದಿಯಲ್ಲಿ ರಿಸೀವರ್ ಹಿಡಿದುಕೊಂಡ. ಗದಗಿನಲ್ಲಿ ಈಗ ನಡುರಾತ್ರಿ ದಾಟಿರಬೇಕು. ಆ ಕಡೆ ಒಬ್ಬ ಮುದುಕಿಯ ಉಸಿರು ಕೇಳಿಸುತ್ತಿತ್ತು.

"ನಮಸ್ಕಾರಮ್ಮ. ನಾನು ಅವರ ಸ್ನೇಹಿತ," ಅಂದ. ಹಾಲಿನಲ್ಲಿದ್ದ ಹೆಂಗಸರೆಲ್ಲ ಅವನನ್ನೇ ನೋಡುತ್ತಿದ್ದರು. "ಹೋದ ಗುರುವಾರ ಮಾತಾಡಿದ್ವಿ. ತುಂಬ ಚೆನ್ನಾಗಿದ್ರು. ನೋವು ಗೀವು ಏನೂ ಇರ್ಲಿಲ್ಲಮ್ಮ. ಇದ್ದಿದ್ರೆ ನನಗೆ ಹೇಳ್ತಿದ್ರು. ನನ್ನ ಹತ್ರ ಏನೂ ಮುಚ್ಚಿಡ್ತಿರ್ಲಿಲ್ಲ. ನಗ್ತಾ ನಗ್ತಾ ಫೋನ್ ಇಟ್ರು."

ಷಹನಾಜ್ ಕಣ್ಣು ಮುಚ್ಚಿಕೊಂಡು ತಲೆದೂಗಿದಳು, ಪಾಠ ಒಪ್ಪಿಸುವ ಮಗುವಿನ ಜೊತೆ ತಾಯಿ ತಲೆದೂಗುವಂತೆ.

*

ಪ್ಲೇನ್‌ಫೀಲ್ಡ್ ಸೇರುವಾಗ ಬಿಸಿಲು ಬಿದ್ದಿತ್ತು. ಪದ್ಮ ಗ್ಯಾರೇಜಿನ ಬಾಯಲ್ಲೇ ಕಾದಿದ್ದಳು, ಕೈಯಲ್ಲಿ ಹಾಲಿನ ಖಾಲಿ ಕ್ಯಾನಿನ ತುಂಬ ಬಿಸಿನೀರು.

"ಒಳಗೇನೂ ಮುಟ್ಬೇಡಿ. ಕೈಕಾಲು ಇಲ್ಲೇ ತೊಳ್ಕೊಳ್ಳಿ. ಬೇಸ್‌ಮೆಂಟಲ್ಲಿ ಸ್ನಾನಕ್ಕೆ ಟವೆಲ್ ಇಟ್ಟಿದೀನಿ. ಹೇಗಿದಾರೆ ಷಹನಾಜ್?"

"ಸ್ವಲ್ಪ ಸಮಾಧಾನ ಆಗಿದೆ."

"ಪುಣ್ಯ. ಒಂದು ಮಾತೂ ಹೇಳ್ದೆ ಹೋಗ್ಬಿಟ್ರು ನೋಡಿ ಮನುಷ್ಯ."

ಅವನು ಕೈಗಳನ್ನು ಮುಂದೆ ಚಾಚಿದ. ಅವಳು ಕ್ಯಾನು ಬಗ್ಗಿಸಿದಳು. ಬೆರಳ ಸಂದಿಯಲ್ಲಿ ಒಣಗಿದ್ದ ಮಣ್ಣು ಕಂದು ನೀರಾಗಿ ಡ್ರೈವ್‌ವೇಯ ಇಳಿಜಾರಿನಲ್ಲಿ ಹರಿಯಿತು, ಆಮೇಲೆ ತಿಳಿಯಾಯಿತು. ಕ್ಯಾನು ಖಾಲಿಯಾಯಿತು.

"ಹೋಯ್ತಲ್ಲ," ಅಂದಳು ಪದ್ಮ.

ಅವನು ಕೈ ಹಿಂತೆಗೆಯಲಿಲ್ಲ. ಅವಳು ಅವನ ಮುಖವನ್ನೊಮ್ಮೆ, ಒದ್ದೆ ಅಂಗೈಗಳನ್ನೊಮ್ಮೆ ನೋಡಿ, ಇನ್ನೊಂದು ಕ್ಯಾನು ನೀರು ತರಲು ಒಳಗೆ ಹೋದಳು.