ಚಚಡಿಯ ಬಾವಿ ನೀರು ಕುಡಿದ ದೋಣಿ

ತೊಂಬತ್ತೆಂಟರ ಬೇಸಿಗೆ. ಮನೋಳಿಯ ಹೊಳೆದಂಡೆಯ ಅಂಬಿಗರ ಲಕ್ಕಪ್ಪ ಟ್ರ್ಯಾಕ್ಟರಿನ ಟ್ರೇಲರ್‌ನಲ್ಲಿ ದೋಣಿಯ ಮಗ್ಗುಲಿಗೆ ಕುಳಿತು, ಕೊಡದೊಳಗಿನ ನೀರನ್ನು ಚರಿಗೆಯಿಂದ ಅದರ ಮೈಮೇಲೆ ಹೊಯ್ಯುತ್ತ ಬರುತ್ತಿದ್ದ. ಹಿಂದಿನ ಮಳೆಗಾಲದಲ್ಲಿ ಅವನ ಹಳೆಯ ದೋಣಿ ಒಡೆದು ಹೋಗಿತ್ತು. ಹೊಳೆಯ ಆಚೆ ಹೊಲ ಇದ್ದವರನ್ನು ದಾಟಿಸಿ, ಸುಗ್ಗಿಯಲ್ಲಿ ಅವರು ಕೊಡುವ ಜೋಳದ ಆಯದಿಂದ ಅವನ ಮನೆ ನಡೆಯುತ್ತಿತ್ತು. ಮತ್ತೊಂದು ಮಳೆಗಾಲ ದೋಣಿಯಿಲ್ಲದೆ ಕಳೆದರೆ ಆಯವೂ ಇಲ್ಲ, ಅಂಬಿಗತನವೂ ಇಲ್ಲ. ಗಂಡ ಹೆಂಡತಿ ಕುಡಗೋಲು ಹಿಡಿದು ಕಬ್ಬು ಕಡಿಯಲು ಹೋಗಬೇಕು. ಅದಕ್ಕೇ ಕಾಳಿ ನದಿಯ ಹಿನ್ನೀರಿನ ತನಕ ಹೋಗಿ ಈ ದೋಣಿ ತರುತ್ತಿದ್ದ.

ದೋಣಿ ಮಾರಿದ ಅಲ್ಲಿಯ ಮುದುಕ ಕೊಡುವಾಗ ಎರಡು ಮಾತು ಹೇಳಿದ್ದ. ನೀರಲ್ಲೇ ಇದ್ದ ಕಟ್ಟಿಗೆ ಇದು, ದಾರಿಯಲ್ಲಿ ಬಿಸಿಗಾಳಿಗೆ ಒಣಗಿಸಬೇಡ, ಒಣಗಿತೆಂದರೆ ಹಲಗೆಯ ಸಂದು ಬಾಯಿ ಬಿಡುತ್ತದೆ. ಕೆಳಗೆ ಹೊಟ್ಟು ತುಂಬಿದ ಚೀಲ ಹಾಕಿಕೋ ಅಂತಲೂ ಅಂದಿದ್ದ. ಟ್ರ್ಯಾಕ್ಟರ್ ಹೊಡೆಯುವ ಭೀಮಶಿ ಅದನ್ನು ಕೇಳಲಿಲ್ಲ.

"ಕಾಕಾ, ನಾವು ಗಡಿಗಿ ಹೇರಿದ್ರೂ ಕಣಿಕಿನ, ಕಲ್ಲಿನ ಬಸವಣ್ಣನ ತಂದ್ರೂ ಕಣಿಕಿನ. ಇದೇನ ಮೇಲಿಂದ ಇಳದ ಬಂದೈತೇನು?" ಎಂದು ನಕ್ಕು, ಎರಡೂ ಮಗ್ಗುಲಿಗೆ ಜೋಳದ ಒಣ ದಂಟಾದ ಕಣಿಕೆಯ ಸಿವುಡುಗಳನ್ನು ತುರುಕಿ ಹಗ್ಗ ಬಿಗಿದಿದ್ದ. ಲಕ್ಕಪ್ಪನಿಗೂ ಅದು ಸರಿಯೆನಿಸಿತ್ತು. ಮೆತ್ತಗೆ ಅಂದರೆ ಅವನ ಸೀಮೆಯಲ್ಲಿ ಕಣಿಕೆಯೇ.

ಹಳಿಯಾಳ ದಾಟಿ ಕಿತ್ತೂರಿಗೆ ಬರುವವರೆಗೆ ಏನೂ ಆಗಲಿಲ್ಲ. ಕಿತ್ತೂರಿನ ಹೋಟೆಲಿನವನು ಕೇಳುವ ಮೊದಲೇ ಕೊಡ ತುಂಬಿಕೊಟ್ಟ. ಬೈಲಹೊಂಗಲದಲ್ಲಿ ಅಂದು ಸಂತೆ. ರಸ್ತೆಯ ಬದಿಗೆ ಟ್ರ್ಯಾಕ್ಟರ್ ನಿಲ್ಲಿಸಿ, ದೋಣಿಗೆ ಚೆನ್ನಾಗಿ ನೀರು ಹೊಯ್ದು, ಇಬ್ಬರೂ ಚಹಾ ಕುಡಿಯಲು ಹೋದರು.

ತಿರುಗಿ ಬಂದು ನೋಡಿದರೆ ಟ್ರೇಲರಿನ ಒಂದು ಮಗ್ಗುಲಿಗೆ ಜೋಡೆತ್ತು ನಿಂತು ಸಮಾಧಾನದಿಂದ ಮೇಯುತ್ತಿದ್ದವು. ಬೆಳಗಿನಿಂದ ನೀರು ಕುಡಿದು ಕುಡಿದು ಒಣ ಕಣಿಕೆ ಹಸಿ ಮೇವಿನ ಹಾಗೆ ಮೆತ್ತಗಾಗಿತ್ತು. ಬೇಸಿಗೆಯ ಎತ್ತು ಬಿಟ್ಟೀತೆ? ಆ ಮಗ್ಗುಲು ಪೂರಾ ಖಾಲಿ. ದೋಣಿ ವಾಲಿ ಟ್ರೇಲರಿನ ಕಬ್ಬಿಣದ ಅಂಚಿಗೆ ಆತುಕೊಂಡಿತ್ತು. ಲಕ್ಕಪ್ಪ ಕೈಯಾಡಿಸಿದ. ತಳದ ಹತ್ತಿರ ಒಂದು ಸಂದು ಸಡಿಲಾಗಿ, ಒಳಗೆ ತುರುಕಿದ್ದ ಹತ್ತಿ ಹೊರಗೆ ಇಣುಕುತ್ತಿತ್ತು.

"ಯಾರವೋ ಈ ಎತ್ತು? ಮಾಲಕರಿಗೆ ಕಣ್ಣಿಲ್ಲೇನು?" ಭೀಮಶಿ ಕೂಗಾಡಿದ.

"ನಮ್ಮವು. ಕಣ್ಣೂ ಅದಾವು, ಬಾಯೂ ಅದಾವು," ಎನ್ನುತ್ತ ಹಣೆತುಂಬ ವಿಭೂತಿ ಹಚ್ಚಿಕೊಂಡ ಹೆಂಗಸೊಬ್ಬಳು ಬಂದಳು. ಚಚಡಿಯ ರಾಚವ್ವ. ಹಿಂದೆ ಅವಳ ಗಂಡ ಬಸಯ್ಯ ಹಗ್ಗದ ಸುರುಳಿ ಹಿಡಿದು ಬಂದ. ಅವಳೇ ಮುಂದುವರಿಸಿದಳು: "ಸಂತ್ಯಾಗ ಹಸಿ ಮೇವು ಬಾಯಿಮುಂದ ಇಟ್ಟು ಚಾ ಕುಡ್ಯಾಕ ಹೋಗಾವರು ನೀವು. ಎತ್ತಿಗೆ ಬುದ್ಧಿ ಹೇಳಾಕ ಬಂದೀರಿ?"

ರಾಚವ್ವ ಲಕ್ಕಪ್ಪನ ಮುಖ ನೋಡಿ ದನಿ ಇಳಿಸಿದಳು. "ಯಾಕಣ್ಣಾ, ಭಾಳ ಹಾಳಾತೇನು?"

"ಒಣಗಿದ್ರ ಪೂರಾ ಬಾಯಿ ಬಿಡತೈತಿ ಅಕ್ಕಾರ. ಮನೋಳಿ ಮುಟ್ಟೂಮಟ ಹಸಿ ಇರಬೇಕು. ಈಗ ಕೆಳಗ ಹಾಕಾಕೂ ಏನಿಲ್ಲ."

ಅವಳು ತನ್ನ ಚಕ್ಕಡಿಯಲ್ಲಿ ಹಾಸಿದ್ದ ಕೌದಿಗಳನ್ನು ಎಳೆದು ತಂದಳು. ಹಳೆಯ ಇಳಕಲ್ ಸೀರೆ, ಧೋತರದ ತುಂಡು ಕೂಡಿಸಿ ಹೊಲಿದ ದಪ್ಪ ಕೌದಿ. "ಇವನ್ನ ಮಡಚಿ ತುರಕ್ರಿ. ನೀರು ಹಿಡದ್ರ ಹಗೂರಕ ಬಿಡಂಗಿಲ್ಲ ಇವು."

"ನಿಮ್ಮ ಕೌದಿ ಹೊಲಸಾಗತಾವಲ್ರಿ."

"ಮಳಿ ಬರೂದ್ರಾಗ ತೊಳದ ತಂದ ಕೊಡು. ನಮ್ಮ ಎತ್ತು ತಿಂದದ್ದಕ್ಕ ನಾವು ಇಷ್ಟರ ಮಾಡಬ್ಯಾಡೇನು?"

ಬಸಯ್ಯ ಸಂತೆಯ ನಾಲ್ಕು ಜನರನ್ನು ಕರೆದ. ಎಲ್ಲರೂ ಹೆಗಲು ಕೊಟ್ಟು ದೋಣಿ ಎತ್ತಿದರು. ಕೌದಿ ಒಳಗೆ ಹೋಯಿತು. ಉಳಿದ ಒಂದನ್ನು ಲಕ್ಕಪ್ಪ ನೀರಲ್ಲಿ ಅದ್ದಿ ಸಡಿಲಾದ ಸಂದಿನ ಮೇಲೆ ಹೊದಿಸಿದ, ಜ್ವರ ಬಂದ ಮಗುವಿನ ಹಣೆಗೆ ಹಸಿ ಬಟ್ಟೆ ಹಾಕುವಂತೆ.

"ಚಚಡ್ಯಾಗ ನಿಲ್ರಿ," ಎಂದ ಬಸಯ್ಯ. "ದಾರಿಗೇ ನಮ್ಮ ಹೊಲ ಐತಿ. ಮೋಟರ್ ಚಾಲೂ ಮಾಡಿ ಪೈಪ್ ಹಿಡೀತೇನಿ." ಚಕ್ಕಡಿಯನ್ನು ಮಗನ ಕೈಗೆ ಕೊಟ್ಟು ಗಂಡಹೆಂಡತಿ ಟ್ರ್ಯಾಕ್ಟರ್ ಹತ್ತಿದರು.

ಚಚಡಿ ಮುಟ್ಟಿದಾಗ ಕರೆಂಟ್ ಇರಲಿಲ್ಲ. ಕೌದಿ ಬಿಸಿಗಾಳಿಗೆ ಆರತೊಡಗಿತ್ತು. ಬಸಯ್ಯ ಮೋಟರಿನ ಪೆಟ್ಟಿಗೆ ಮುಂದೆ ನಿಂತು ತಲೆ ಕೆರೆದುಕೊಂಡ. ರಾಚವ್ವ ಊರ ಕಡೆ ತಿರುಗಿ ನೆರೆಮನೆಯವಳನ್ನು ಕೂಗಿದಳು: "ಏ ಶಟ್ಟೆವ್ವಾ, ಕೊಡ ತಗೊಂಡ ಬಾ! ಎಲ್ಲಾರನೂ ಕರ್ಕೊಂಡ ಬಾ! ಹೊಳ್ಯಾಗ ಇರೂದು ಹೊಲಕ್ಕ ಬಂದೈತಿ, ನೋಡಬಾ!"

ಹೆಂಗಸರು ಬಂದರು. ಬಾವಿಯಿಂದ ಸೇದಿ, ತಲೆಯ ಮೇಲೆ ಹೊತ್ತು ತಂದು, ದೋಣಿಯ ಒಳಗೂ ಹೊರಗೂ ಹೊಯ್ದರು. ಅವರಲ್ಲಿ ಬಹಳ ಮಂದಿ ದೋಣಿಯನ್ನು ಇಷ್ಟು ಹತ್ತಿರ ಕಂಡಿದ್ದಿಲ್ಲ.

"ಇದಕ್ಕೆಷ್ಟು ನೀರಡಿಕ್ಯೋ ಎವ್ವಾ! ಮದವಿ ಮನ್ಯಾಗಿನ ಬೀಗರಕಿಂತ ಹೆಚ್ಚ ಕುಡೀತೈತಿ," ಎಂದಳು ಶಟ್ಟೆವ್ವ.

"ಬೀಗರಾದ್ರ ಮತ್ತ ಜಗಳಾನೂ ತಗೀತಾರ. ಇದು ಸುಮ್ಮನ ಕುಡೀತೈತಲ್ಲ," ಎಂದು ಮತ್ತೊಬ್ಬಳು ಕೊಡ ಬೋರಲು ಹಾಕಿದಳು.

ಬೇಸಿಗೆಯ ಬಾವಿ, ನೀರು ತಳಕ್ಕೆ ಇಳಿದಿತ್ತು. ಅವರವರ ಮನೆಯ ಬಾನಿಯಲ್ಲೂ ನೀರು ಬೇಕಾಗಿತ್ತು. ಲಕ್ಕಪ್ಪ ಕೈಮುಗಿಯಲು ಹೋದ. ಎರಡೂ ಕೈಯಲ್ಲಿ ಕೊಡ ಇತ್ತು. "ಸಾಕ್ರೆವ್ವಾ, ಸಾಕು," ಎಂದ.

"ಸಾಕೋ ಬ್ಯಾಡೋ ದೋಣಿ ಹೇಳಲಿ, ನೀ ಸುಮ್ಮನಿರಣ್ಣಾ," ಎಂದಳು ರಾಚವ್ವ.

ಹೊತ್ತು ಇಳಿಯುವ ಮುಂಚೆ ಲಕ್ಕಪ್ಪ, ಭೀಮಶಿ ಯರಗಟ್ಟಿ ದಾಟಿ ಮನೋಳಿಯ ದಂಡೆ ಮುಟ್ಟಿದರು. ಕೌದಿ ಹಿಂಡಿದರೆ ಇನ್ನೂ ನೀರು ಬರುತ್ತಿತ್ತು. ದೋಣಿಯನ್ನು ಹೊಳೆಗೆ ಇಳಿಸಿದಾಗ ಸಂದಿನಿಂದ ಸಣ್ಣಗೆ ನೀರು ಜಿನುಗಿತು. ಭೀಮಶಿ ತಲೆ ತಗ್ಗಿಸಿದ. "ನನ್ನ ಕಣಿಕಿ ಕೆಡಿಸ್ತು ಕಾಕಾ."

"ನಾನೂ ಹೂಂ ಅಂದಿದ್ದೆಲ್ಲೋ," ಎಂದ ಲಕ್ಕಪ್ಪ. ಹತ್ತಿ, ರಾಳ ಹಚ್ಚಿ ಸಂದು ಮುಚ್ಚಿ, ದೋಣಿಯ ತುಂಬ ಕಲ್ಲು ಹೇರಿ, ದಂಡೆಯ ಮಗ್ಗುಲಿಗೆ ಅದನ್ನು ನೀರಲ್ಲಿ ಮುಳುಗಿಸಿ ಬಿಟ್ಟ. ಪೂರಾ ಒಣಗಿದ್ದರೆ ಈ ಉಪಾಯ ನಡೆಯುತ್ತಿರಲಿಲ್ಲ. ಹಸಿ ಉಳಿದ ಹಲಗೆ ನೀರಲ್ಲಿ ಉಬ್ಬಿ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಇನ್ನು ಕಾಯುವುದಷ್ಟೇ ಅವನ ಕೆಲಸ. ಕಾದ.

ಮರುದಿನ ಕಲ್ಲು ತೆಗೆದು, ನೀರು ಮೊಗೆದು, ಧೋತರದ ಸೆರಗಿನಿಂದ ಒಳಗನ್ನು ಒರೆಸಿದ. ಒಳಗೆ ಕುಳಿತು ಸಂದಿನ ಮೇಲೆ ಅಂಗೈ ಇಟ್ಟ. ಬಹಳ ಹೊತ್ತು ಇಟ್ಟ. ಅಂಗೈ ಒಣಗಿಯೇ ಇತ್ತು.

ಹೆಂಡತಿ ಮರೆವ್ವ ಬುತ್ತಿ ಹಿಡಿದು ದಂಡೆಯಲ್ಲಿ ನಿಂತಿದ್ದಳು. "ಏನಾತು? ಬಾಯಿ ಬಿಟ್ಟರ ಹೇಳ್ರಿ."

ಲಕ್ಕಪ್ಪ ಚಚಡಿಯ ದಿಕ್ಕಿಗೆ ತಿರುಗಿ, ಹಿಂದಿನ ದಿನ ಮುಗಿಯಲಾಗದ ಕೈಗಳನ್ನು ಮುಗಿದ. ಆಚೆ ದಂಡೆಯಿಂದ ಯಾರೋ, "ಲಕ್ಕಪ್ಪಾ, ದೋಣಿ ಬಂತೇನೋ? ದಾಟಸ್ತಿಯೇನೋ?" ಎಂದು ಕೂಗಿದರು.

"ಬಂದೆ, ತಡೀರೆಪಾ!" ಎಂದು ಹುಟ್ಟು ನೀರಿಗಿಟ್ಟ.